ಮೂವತ್ತು ಮಾತ್ರೆ ಯಾಕೆ ಕೊಂಡ್ರಿ?

2017ರ ಮಳೆಗಾಲದಲ್ಲಿ ಅಮ್ಮ ಕಾಫಿ ಫಿಲ್ಟರ್ ಬಿಚ್ಚಲು ಅಪ್ಪನನ್ನು ಕರೆಯಲು ಶುರು ಮಾಡಿದಳು. ಬಿಸಿಗೆ ಬಿಗಿಯಾಗಿದೆ ಅಂತ ಅಪ್ಪ ಬಿಚ್ಚಿ ಕೊಡುತ್ತಿದ್ದರು. ಆಮೇಲೆ ಬಟ್ಟೆ ಹಿಂಡಲು ಆಗುತ್ತಿಲ್ಲ ಅಂದಳು. ದೀಪಾವಳಿ ಹೊತ್ತಿಗೆ ಬಳೆ ತೆಗೆದಿಟ್ಟಳು. ಕೈ ಊದಿಕೊಂಡು ಬಳೆ ಒಳಗೆ ಹೋಗುತ್ತಿರಲಿಲ್ಲ. ನಾನು ಬೆಂಗಳೂರಿನಲ್ಲಿ, ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವನು. ತಿಂಗಳಿಗೊಮ್ಮೆ ತಿಪಟೂರಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅಮ್ಮ ‘ಏನಿಲ್ಲ ಕಣೋ, ವಾತ’ ಅನ್ನುತ್ತಿದ್ದಳು. ಅಕ್ಕಪಕ್ಕದವರಿಗೆ ಅದು ಚಿಕೂನ್‌ಗುನ್ಯ. 2006ರಲ್ಲಿ ನಮ್ಮ ಕಡೆ ಊರಿಗೆ ಊರೇ ಮಲಗಿತ್ತಲ್ಲ, ಆವತ್ತಿನಿಂದ ಯಾರಿಗೆ ಕೀಲು ನೋವು ಬಂದರೂ ಚಿಕೂನ್‌ಗುನ್ಯವೇ.

ಊರಿನ ಡಾಕ್ಟರು ಒಳ್ಳೆಯವರು. ಸಂಧಿವಾತ ಇದೆಯಾ ಅಂತ ನೋಡುವ ಆರ್‌ಎ ಫ್ಯಾಕ್ಟರ್ ಅನ್ನುವ ರಕ್ತದ ಟೆಸ್ಟ್ ಮಾಡಿಸಿದರು. ನೆಗೆಟಿವ್ ಬಂತು. ‘ಸದ್ಯ, ಅದಲ್ಲ’ ಅಂದರು. ನಾವೂ ಸದ್ಯ ಅಂದುಕೊಂಡೆವು. ರೋಗ ಇರುವ ಎಲ್ಲರಿಗೂ ಆ ಟೆಸ್ಟ್ ಪಾಸಿಟಿವ್ ಬರುವುದಿಲ್ಲ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಆ ವರ್ಷದ ಮಧ್ಯದಲ್ಲಿ ಒಬ್ಬ ದೊಡ್ಡ ಮೂಳೆ ಡಾಕ್ಟರ ಹತ್ತಿರ ಹೋದೆವು. ಊರು, ಹೆಸರು ಬೇಡ. ನಮ್ಮ ಟೋಕನ್ 47. ಬೆಳಗ್ಗೆ 9ಕ್ಕೆ ಹೋದವರು ಮಧ್ಯಾಹ್ನ 3ರವರೆಗೆ ಕೂತೆವು. ಬಾಗಿಲ ಹತ್ತಿರ ಒಬ್ಬ ಹುಡುಗ ಸ್ಟೂಲ್ ಹಾಕಿಕೊಂಡು ಕೂತಿದ್ದ. ಔಷಧಿ ಕಂಪನಿಯ ಕರಿ ಬ್ಯಾಗಿನ ರೆಪ್‌ಗಳು ಬಂದರೆ ಎದ್ದು ಬಾಗಿಲು ತೆಗೆಯುತ್ತಿದ್ದ. ನಾವು ‘ಇನ್ನೂ ಎಷ್ಟು ಹೊತ್ತಪ್ಪ’ ಅಂದರೆ ಮೊಬೈಲ್‌ನಿಂದ ತಲೆ ಎತ್ತದೆ ‘ಕರೀತೀವಿ’ ಅನ್ನುತ್ತಿದ್ದ. ಒಳಗೆ ಹೋದ ಮೇಲೆ ಡಾಕ್ಟರು ಮಂಡಿಯ ಎಕ್ಸ್‌ರೇ ಮಾತ್ರ ಬೆಳಕಿಗೆ ಹಿಡಿದು ನೋಡಿದರು. ‘ವಯಸ್ಸಾಯ್ತಲ್ಲ, ಸವೆತ’ ಅಂದರು. ಅಮ್ಮನಿಗೆ ಆಗ 56. ಅವಳು ಕೈ ಮುಂದೆ ಚಾಚಿದ್ದಳು. ಆ ಕೈ ಹಾಗೇ ಮೇಜಿನ ಮೇಲೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವಳೇ ಸೆರಗಿನೊಳಗೆ ಎಳೆದುಕೊಂಡಳು. ಎರಡು ನಿಮಿಷವೂ ಆಗಿರಲಿಲ್ಲ.

ಅವರು ಬರೆದ ನೋವಿನ ಮಾತ್ರೆ, ಊರಿನ ಡಾಕ್ಟರು ಬರೆದ ನೋವಿನ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್‌ಗೆ ಒಂದು, ಯಾರೋ ಹೇಳಿದ ಎಣ್ಣೆ. ಹೀಗೆ ಆರು ತಿಂಗಳು ಹೋಯಿತು. ಹೊಟ್ಟೆ ಉರಿ ಬೇರೆ ಶುರುವಾಯಿತು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಕಾರ್ಖಾನೆಗೆ ವಾರಕ್ಕೊಮ್ಮೆ ಬರುವ ಡಾಕ್ಟರು. ಮೊಬೈಲ್‌ನಲ್ಲಿ ಅಮ್ಮನ ಕೈಯ ಫೋಟೋ ತೋರಿಸಿದೆ. ‘ಎರಡೂ ಕೈಯಲ್ಲೂ ಒಂದೇ ಥರ ಊದಿದೆಯಲ್ಲ, ಇದು ಮೂಳೆ ಡಾಕ್ಟರ ಕೇಸ್ ಅಲ್ಲ, ರುಮಟಾಲಜಿಸ್ಟ್ ಹತ್ರ ಹೋಗಿ’ ಅಂದರು. ಕೀಲು ವಾತದ ರೋಗಗಳ ಡಾಕ್ಟರು ಅಂತ ಅರ್ಥ. ಆ ಪದ ನಾನು ಕೇಳಿದ್ದು ಅವತ್ತೇ ಮೊದಲು. ಅಪ್ಪನಿಗೆ ಫೋನ್‌ನಲ್ಲಿ ಹೇಳಲು ಮೂರು ಸಲ ಬೇಕಾಯಿತು.

ಅಪಾಯಿಂಟ್‌ಮೆಂಟ್ ಸಿಗುವುದೇ ಒಂದು ಕಥೆ. ಕ್ಲಿನಿಕ್‌ನವರು ಫೋನ್ ಎತ್ತುವುದು 10ರಿಂದ 12ರವರೆಗೆ ಮಾತ್ರ. ಯಾವಾಗ ಮಾಡಿದರೂ ಎಂಗೇಜ್. ಆಮೇಲೆ ಕಾಲ್ ಲಾಗ್ ನೋಡಿದೆ, ಎರಡು ದಿನದಲ್ಲಿ 41 ಸಲ ಮಾಡಿದ್ದೆ. ಕೊನೆಗೆ ಒಂದು ಹೆಣ್ಣು ದನಿ ಸಿಕ್ಕಿತು. ನಮಸ್ಕಾರ ಇಲ್ಲ, ಏನಿಲ್ಲ.

‘ಪೇಶೆಂಟ್ ಹೆಸರು, ವಯಸ್ಸು, ಊರು.’

ಹೇಳಿದೆ. ಐದು ವಾರದ ನಂತರದ ದಿನ ಕೊಟ್ಟರು. ಬೇಗ ಸಿಗಲ್ವಾ ಅಂದೆ. ‘ಜ್ವರ ಇದೆಯಾ? ಉಸಿರಾಡೋಕೆ ಕಷ್ಟ? ಮೂತ್ರದಲ್ಲಿ ರಕ್ತ, ಮುಖ ಊತ?’ ಇಲ್ಲ ಅಂದೆ. ‘ಹಾಗಾದ್ರೆ ಅದೇ ಡೇಟ್. ಹಳೇ ರಿಪೋರ್ಟ್ ಎಲ್ಲಾ ತನ್ನಿ. ತಗೊಳ್ತಿರೋ ಮಾತ್ರೆ ಸ್ಟ್ರಿಪ್ ಸಮೇತ ತನ್ನಿ, ಚೀಟೀಲಿ ಬರ್ಕೊಂಡು ಬರಬೇಡಿ.’ ಫೋನ್ ಇಟ್ಟರು. ಸೊಕ್ಕು ಅಂದುಕೊಂಡೆ.

2018ರ ನವೆಂಬರ್. ಅಮ್ಮ ಅಪ್ಪ ತಿಪಟೂರಿನಿಂದ ಬೆಳಗಿನ ರೈಲಿಗೆ ಹೊರಟರು. ನಾನು ಯಶವಂತಪುರ ಸ್ಟೇಷನ್‌ನಲ್ಲಿ ಕಾಯುತ್ತಿದ್ದೆ. ರೈಲನ್ನು ಔಟರ್‌ನಲ್ಲಿ ನಿಲ್ಲಿಸಿಬಿಟ್ಟರು. ಅಮ್ಮ ಕಿಟಕಿಯಿಂದ ಫೋನ್ ಮಾಡಿ ‘ಎದುರಿಗೇ ಊರು ಕಾಣ್ತಿದೆ ಕಣೋ, ಬಿಡ್ತಿಲ್ಲ’ ಅಂದಳು. ಆಟೋ ಹಿಡಿದು ಕ್ಲಿನಿಕ್ ಮುಟ್ಟುವ ಹೊತ್ತಿಗೆ 35 ನಿಮಿಷ ತಡ.

ಕೌಂಟರ್‌ನಲ್ಲಿ ದಪ್ಪ ಕನ್ನಡಕದ ಹೆಂಗಸು. ನಲವತ್ತರ ಆಸುಪಾಸು. ಎದುರಿಗೆ ಫೈಲುಗಳ ರಾಶಿ, ಒಂದು ಉದ್ದನೆಯ ಲೆಡ್ಜರ್, ಕಿವಿಯ ಹತ್ತಿರ ಫೋನ್. ದನಿ ಕೇಳಿದ ಕೂಡಲೇ ಗೊತ್ತಾಯಿತು, ಅದೇ ಸೊಕ್ಕು.

‘ನಿಮ್ಮ ಟೈಂ ಹೋಯ್ತು. ಕೊನೇಲಿ ನೋಡ್ತಾರೆ.’

ರೈಲಿನ ವಿಷಯ ಹೇಳಿದೆ. ‘ಎಲ್ಲಾರಿಗೂ ಒಂದೊಂದು ಇರುತ್ತೆ ಸಾರ್’ ಅಂದಳು. ನಾನು ಬಾಯಿಗೆ ಬಂದಿದ್ದು ಅಂದೆ. ವಯಸ್ಸಾದವರನ್ನು ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿಕೊಂಡು ಬಂದಿದ್ದೀವಿ, ಮನುಷ್ಯತ್ವ ಇಲ್ವಾ, ಇತ್ಯಾದಿ. ಅವಳು ನಾನು ಮುಗಿಸುವ ತನಕ ಕಾದಳು. ಆಮೇಲೆ ‘ಅಜ್ಜೀನ ಆ ಕಡೆ ಗೋಡೆ ಪಕ್ಕದ ಕುರ್ಚಿಲಿ ಕೂರಿಸಿ, ಅದಕ್ಕೆ ಕೈ ಇದೆ, ಏಳಕ್ಕೆ ಸುಲಭ’ ಅಂದಳು.

ಅಮ್ಮನಿಗೆ ಸಿಟ್ಟು ಬಂದಿದ್ದು ಕಾಯಿಸಿದ್ದಕ್ಕಲ್ಲ. ‘ಅಜ್ಜಿ’ ಅಂದಿದ್ದಕ್ಕೆ. ‘ನೋಡಿದ್ಯೇನೋ, ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕೋಳು ಇರಬೇಕು, ಅಜ್ಜಿಯಂತೆ’ ಅಂತ ಸಂಜೆವರೆಗೂ ಅದನ್ನೇ ಹೇಳುತ್ತಿದ್ದಳು.

ಅರ್ಧ ಗಂಟೆ ಆದ ಮೇಲೆ ಒಬ್ಬ ಹೆಂಗಸು ಹದಿನಾರು ಹದಿನೇಳರ ಮಗಳ ಜೊತೆ ಬಂದಳು. ಲೆಡ್ಜರ್‌ನಲ್ಲಿ ಹೆಸರೂ ಬರೆಸಲಿಲ್ಲ, ಸೀದಾ ಒಳಗೆ. ನಾನು ಮತ್ತೆ ಎದ್ದೆ. ಅಮ್ಮ ಅಂಗಿ ಹಿಡಿದು ಕೂರಿಸಿದಳು. ಅಮ್ಮನಿಗೆ ಕಾಯುವ ಜಾಗದಲ್ಲಿ ಸುಮ್ನೆ ಕೂತು ಗೊತ್ತಿಲ್ಲ. ಆ ತಾಯಿ ಹೊರಗೆ ಬಂದಾಗ ಮಾತಾಡಿಸಿಯೇ ಬಿಟ್ಟಳು. ಹುಡುಗಿಗೆ ಲೂಪಸ್ ಅಂತೆ, ಮೈಯ ರಕ್ಷಣಾ ಶಕ್ತಿಯೇ ಮೈ ಮೇಲೆ ತಿರುಗಿ ಬೀಳುವ ರೋಗ. ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆ ತಗೊಳ್ತಾಳೆ. ಹಾಗಾಗಿ ಜ್ವರ ಬಂದರೆ ಕಾಯೋ ಹಾಗಿಲ್ಲ, ಯಾವಾಗ ಬೇಕಾದ್ರೂ ಬನ್ನಿ ಅಂತ ಕೌಂಟರ್‌ನವರೇ ಹೇಳಿದ್ದಾರಂತೆ. ಫೋನ್‌ನಲ್ಲಿ ನನಗೆ ಜ್ವರ ಇದೆಯಾ ಅಂತ ಕೇಳಿದ್ದು ಆಗ ನೆನಪಾಯಿತು. ಆದರೂ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ ಅನ್ನಿ. ಹೊಟ್ಟೆ ಹಸಿದಿತ್ತು.

ಕರೆಯುವ ಮುಂಚೆ ಕೌಂಟರ್‌ನವಳೇ ಬಂದು ತೂಕ, ಬಿಪಿ ನೋಡಿದಳು. ಮಾತ್ರೆ ಕೊಡಿ ಅಂದಳು. ಅಮ್ಮ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಒಂದನ್ನು ಹಾಗೇ ಕೌಂಟರ್ ಮೇಲೆ ಸುರಿದಳು. ಒಂದೂವರೆ ವರ್ಷದ ಸರಕು. ಅರ್ಧ ಹರಿದ ಸ್ಟ್ರಿಪ್‌ಗಳು, ರಬ್ಬರ್ ಬ್ಯಾಂಡ್ ಹಾಕಿದ್ದು, ಎಕ್ಸ್‌ಪೈರಿ ಆಗಿದ್ದು, ಅಪ್ಪನ ಬಿಪಿ ಮಾತ್ರೆ ಕೂಡ ಒಂದು. ಅವಳು ಇಸ್ಪೀಟ್ ಎಲೆ ಜೋಡಿಸುವ ಹಾಗೆ ಒಂದೊಂದೇ ಸಾಲು ಹಾಕಿದಳು. ಕನ್ನಡಕ ಹಣೆ ಮೇಲೆ ಏರಿಸಿ, ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರವನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಒಂದು ಕೆಂಪು ಸ್ಟ್ರಿಪ್, ಒಂದು ನೀಲಿ ಸ್ಟ್ರಿಪ್ ಪಕ್ಕಕ್ಕೆ ಎಳೆದಳು.

‘ಇದೂ ತಗೊಳ್ತೀರಾ, ಇದೂ ತಗೊಳ್ತೀರಾ?’

‘ಹೂಂ ಕಣಮ್ಮ, ಒಂದು ಮೂಳೆ ಡಾಕ್ಟ್ರುದು, ಒಂದು ನಮ್ಮೂರಿನ ಡಾಕ್ಟ್ರುದು.’

‘ಎರಡೂ ಒಂದೇ ಔಷಧಿ. ಕಂಪನಿ ಬೇರೆ, ಹೆಸರು ಬೇರೆ.’

ಆರು ತಿಂಗಳು ಅಮ್ಮ ನೋವಿನ ಮಾತ್ರೆಯನ್ನು ಡಬಲ್ ನುಂಗಿದ್ದಳು. ಬರೆದ ಇಬ್ಬರಿಗೂ ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ತಂದುಕೊಟ್ಟ ನಾನು ಲೆಕ್ಕ ನೋಡುವ ಕೆಲಸದವನು, ಒಂದೇ ಬಿಲ್ ಎರಡು ಸಲ ಬಂದರೆ ಹಿಡಿಯುವುದೇ ನನ್ನ ಕೆಲಸ. ಸ್ಟ್ರಿಪ್ ತಿರುಗಿಸಿ ನೋಡಿರಲಿಲ್ಲ. ಅವಳು ಎರಡನ್ನೂ ಫೈಲಿಗೆ ಕ್ಲಿಪ್ ಮಾಡಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಒಳಗೆ ಕಳಿಸಿದಳು.

ಒಳಗೆ ಮೊದಲು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಬೆಳಗ್ಗೆ ಎದ್ದ ಮೇಲೆ ಕೈ ಸಡಿಲ ಆಗಲು ಎಷ್ಟು ಹೊತ್ತು ಬೇಕು ಅಂತ ಕೇಳಿದರು. ಅಮ್ಮನಿಗೆ ಗಂಟೆಯ ಲೆಕ್ಕ ಇಲ್ಲ. ‘ಎದ್ದಾಗ ಮುಷ್ಟಿ ಕಟ್ಟಕ್ಕಾಗಲ್ಲ. ಹಾಲು ಕಾಯಿಸ್ತೀನಿ, ಕಾಫಿ ಆಗುತ್ತೆ, ಇವರು ಪೇಪರ್ ಓದಿ ಮುಗಿಸ್ತಾರೆ. ಅಂಗಳದ ತುಳಸಿಕಟ್ಟೆಗೆ ಬಿಸಿಲು ಬರೋ ಹೊತ್ತಿಗೆ ಬೆರಳು ಬರುತ್ತೆ’ ಅಂದಳು. ಡಾಕ್ಟರು ಅಪ್ಪನ ಮುಖ ನೋಡಿದರು. ಅಪ್ಪ ಲೆಕ್ಕ ಹಾಕಿ ‘ಎರಡು ಗಂಟೆ ಮೇಲೆ’ ಅಂದರು. ಸವೆತದ ನೋವಾದರೆ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ದಾಟುವುದಿಲ್ಲವಂತೆ. ಒಂದೂವರೆ ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ದೊಡ್ಡ ಡಾಕ್ಟರು, ಮೇಡಂ. ಮಾತು ಕಡಿಮೆ. ಅಮ್ಮನ ಕೈ ತಮ್ಮ ಕೈಯಲ್ಲಿ ತೆಗೆದುಕೊಂಡು ಒಂದೊಂದೇ ಗೆಣ್ಣು ಒತ್ತಿ ನೋಡಿದರು. ಒತ್ತುವಾಗ ಅವರು ನೋಡುತ್ತಿದ್ದುದು ಕೈಯನ್ನಲ್ಲ, ಅಮ್ಮನ ಮುಖವನ್ನು. ಅಮ್ಮ ಹಲ್ಲು ಕಚ್ಚಿ ಸುಮ್ಮನಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ‘ಇದು, ಇದು, ಇದು’ ಅಂದ ಹಾಗೆ ಚಿಕ್ಕ ಡಾಕ್ಟರು ಒಂದು ಹಾಳೆಯ ಮೇಲೆ ಗುರುತು ಹಾಕುತ್ತಿದ್ದರು. ಆ ಹಾಳೆಯಲ್ಲಿ ಒಂದು ಬೊಂಬೆಯ ಚಿತ್ರ, ಅದರ ಕೀಲು ಕೀಲಿಗೂ ಒಂದೊಂದು ಸೊನ್ನೆ. ಒಟ್ಟು 28 ಸೊನ್ನೆ. ಅಮ್ಮನದು 14ಕ್ಕೆ ಗುರುತು ಬಿತ್ತು.

‘ಇದು ಸವೆತ ಅಲ್ಲ ಅಮ್ಮ. ರುಮಟಾಯ್ಡ್ ಆರ್ಥ್ರೈಟಿಸ್ ಥರ ಇದೆ. ನಿಮ್ಮ ಮೈಯೇ ನಿಮ್ಮ ಕೀಲಿನ ಜೊತೆ ಜಗಳಕ್ಕೆ ಬಿದ್ದಿದೆ. ಟೆಸ್ಟ್ ಮಾಡಿಸಿ ನೋಡೋಣ.’

ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ನೋಡುವ ಇಎಸ್‌ಆರ್, ಸಿಆರ್‌ಪಿ, ಆಮೇಲೆ ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ. ಜೊತೆಗೆ ಆಂಟಿ-ಸಿಸಿಪಿ ಅನ್ನುವ ಒಂದು. ಆರ್‌ಎ ಫ್ಯಾಕ್ಟರ್ ಕೈಕೊಟ್ಟ ಕಡೆ ಇದು ಹಿಡಿಯಬಹುದು ಅಂದರು. ಹಿಡಿಯಿತು.

ಅಮ್ಮನಿಗೆ ಇದ್ದಿದ್ದು ಒಂದೇ ಪ್ರಶ್ನೆ. ‘ಬದನೆಕಾಯಿ ತಿನ್ನಬಹುದಾ?’

‘ತಿನ್ನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.’

ಅಮ್ಮ ತಲೆ ಆಡಿಸಿದಳು. ನಂಬಲಿಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ಬದನೆಕಾಯಿ ಅಪ್ಪನಿಗೆ ಮಾತ್ರ.

ಒಳಗೆ ನಮಗೆ ಸಿಕ್ಕಿದ್ದು ಎಲ್ಲಾ ಸೇರಿ ಹನ್ನೆರಡು ನಿಮಿಷ. ರಿಪೋರ್ಟ್ ಹಿಡಿದು ಮತ್ತೆ ಹೋದಾಗ ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂ, ಹೈಡ್ರಾಕ್ಸಿಕ್ಲೋರೋಕ್ವಿನ್, ಸ್ವಲ್ಪ ದಿನಕ್ಕೆ ಸಣ್ಣ ಡೋಸ್ ಸ್ಟೀರಾಯ್ಡ್ ಬರೆದರು. ಹೊರಗೆ ಬಂದರೆ ಕೌಂಟರ್‌ನವಳು ಚೀಟಿ ಇಸಿದುಕೊಂಡು ಅಮ್ಮನನ್ನು ಎದುರಿಗೆ ಕೂರಿಸಿಕೊಂಡಳು.

‘ಈ ಹಳದಿ ಮಾತ್ರೆ, ಮೆಥೊಟ್ರೆಕ್ಸೇಟ್, ವಾರಕ್ಕೊಂದೇ ಸಲ. ಯಾವ ವಾರ?’

ಅಮ್ಮ ‘ಸೋಮವಾರ’ ಅಂದಳು. ಸೋಮವಾರ ಏನು ವಿಶೇಷ ಅಂತ ಕೇಳಿದಳು. ಶಿವನ ವಾರ, ಒಪ್ಪೊತ್ತು ಅಂದಳು ಅಮ್ಮ. ‘ಉಪವಾಸದ ದಿನ ಬೇಡ, ಹೊಟ್ಟೆ ತೊಳೆಸುತ್ತೆ. ಬೇರೆ ಹೇಳಿ.’ ಭಾನುವಾರ ಆಯಿತು. ಅವಳು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ‘ಭಾನುವಾರ ರಾತ್ರಿ ಊಟ ಆದ ಮೇಲೆ – 1. ಬೇರೆ ದಿನ ಇಲ್ಲ’ ಅಂತ ಬರೆದಳು. ಜೊತೆಗಿನ ವಿಟಮಿನ್ ಮಾತ್ರೆ ಫೋಲಿಕ್ ಆಸಿಡ್ ಭಾನುವಾರ ಬಿಟ್ಟು ಉಳಿದ ದಿನ. ‘ಈಗ ನೀವು ನನಗೆ ಹೇಳಿ’ ಅಂದಳು. ಅಮ್ಮ ಒಪ್ಪಿಸಿದಳು. ಇನ್ನೊಂದು ಸಲ ಅಂದಳು. ಅಮ್ಮ ನನ್ನ ಕಡೆ ತಿರುಗಿ ‘ಮಗ್ಗಿ ಕೇಳ್ತಾವಳಲ್ಲೋ’ ಅಂದಳು. ಹಿಂದೆ ಕ್ಯೂ ಬೆಳೆದಿತ್ತು. ಯಾರೋ ಗೊಣಗಿದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಮಾತ್ರೆ ಕೂಡಲೇ ಕೆಲಸ ಮಾಡಲ್ಲ, ಆರರಿಂದ ಹನ್ನೆರಡು ವಾರ ಬೇಕು ಅಂದಿದ್ದರು. ಅಷ್ಟರಲ್ಲಿ ಊರಿನ ಒಬ್ಬ ಬಂಧು ಇಂಟರ್‌ನೆಟ್ ನೋಡಿ ‘ಇದು ಕ್ಯಾನ್ಸರ್ ಮಾತ್ರೆ’ ಅಂತ ಹೇಳಿ ಹೋದರು. ಅಮ್ಮ ಅಳುತ್ತಾ ಫೋನ್ ಮಾಡಿದಳು, ನನಗೆ ಕ್ಯಾನ್ಸರ್ ಇರೋದನ್ನ ಮುಚ್ಚಿಟ್ಟಿದ್ದೀರಾ ಅಂತ. ಕ್ಯಾನ್ಸರ್‌ಗೆ ಕೊಡುವುದು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಡೋಸ್, ಸಂಧಿವಾತಕ್ಕೂ ಮೂವತ್ತು ವರ್ಷದಿಂದ ಇದನ್ನೇ ಕೊಡುತ್ತಿದ್ದಾರೆ ಅಂತ ಮೇಡಂ ಮುಂದಿನ ಸಲ ಹೇಳಿದರು. ಆದರೆ ‘ಮುಂದಿನ ಸಲ’ ಅನ್ನುವುದು ಎರಡು ತಿಂಗಳ ನಂತರ. ಆ ಎರಡು ತಿಂಗಳು ಅಮ್ಮ ಪ್ರತಿ ಭಾನುವಾರ ರಾತ್ರಿ ದೇವರ ಮುಂದೆ ಮಾತ್ರೆ ಇಟ್ಟು ಆಮೇಲೆ ನುಂಗುತ್ತಿದ್ದಳು.

2019ರ ಜನವರಿ ಕೊನೆಗೆ ಮತ್ತೆ ಹೋದಾಗ ಬೊಂಬೆ ಚಿತ್ರದಲ್ಲಿ ಗುರುತು 9ಕ್ಕೆ ಇಳಿದಿತ್ತು. ಮೇಡಂ ‘ಒಳ್ಳೇದು, ಸ್ವಲ್ಪ ಜಾಸ್ತಿ ಮಾಡ್ತೀನಿ’ ಅಂತ ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂ ಇದ್ದಿದ್ದನ್ನು 15 ಮಾಡಿದರು. ಹೊರಗೆ ಬಂದಾಗ ಗಂಟೆ ನೋಡಿದರೆ ರೈಲಿಗೆ ಹೊತ್ತಾಗಿತ್ತು. ಕೌಂಟರ್‌ನವಳು ಚೀಟಿಗೆ ಕೈ ಚಾಚಿದಳು. ‘ಗೊತ್ತು ಬಿಡಿ ಮೇಡಂ, ಹೋದ ಸಲವೇ ಹೇಳಿದ್ದೀರಲ್ಲ, ರೈಲು ಹೋಗುತ್ತೆ’ ಅಂತ ನಾನೇ ಅಮ್ಮನನ್ನು ಎಳೆದುಕೊಂಡು ಹೊರಟೆ. ಇದನ್ನು ಯಾರ ಮೇಲೂ ಹಾಕುವ ಹಾಗಿಲ್ಲ.

ಮಾತ್ರೆಯನ್ನು ಊರಿನಲ್ಲೇ ತಗೊಂಡರು. ಅಪ್ಪ ಬಿಲ್ಲಿನ ಫೋಟೋ ಕಳಿಸಿದರು. ನಮ್ಮ ಕಾರ್ಖಾನೆಯಲ್ಲಿ ಮೆಡಿಕಲ್ ಬಿಲ್ ಪಾಸ್ ಆಗಬೇಕಾದರೆ ಡಾಕ್ಟರ ಸೀಲ್ ಬೇಕು. ಅದಕ್ಕೆ ಆ ಫೋಟೋವನ್ನು ಕ್ಲಿನಿಕ್‌ನ ವಾಟ್ಸಾಪ್ ನಂಬರಿಗೆ ಹಾಕಿ, ಇದಕ್ಕೆ ಸೀಲ್ ಹಾಕಿಕೊಡ್ತೀರಾ, ಸಂಜೆ ಬಂದು ತಗೊಳ್ತೀನಿ ಅಂತ ಬರೆದೆ. ಮಂಗಳವಾರ ಬೆಳಗ್ಗೆ ಸುಮಾರು 11 ಗಂಟೆ. ಎರಡು ನಿಮಿಷಕ್ಕೆ ಫೋನ್ ಬಂತು. 10ರಿಂದ 12ರ ಮಧ್ಯೆ, ಲೈನ್ ಸಿಗದೆ ಊರೆಲ್ಲಾ ಬೈಯುವ ಹೊತ್ತಿನಲ್ಲಿ, ಅಲ್ಲಿಂದಲೇ ಫೋನ್.

‘ಮೂವತ್ತು ಮಾತ್ರೆ ಯಾಕೆ ಕೊಂಡ್ರಿ?’

ಏನು ಅಂತ ನನಗೆ ಹೊಳೆಯಲಿಲ್ಲ.

‘ಮೆಥೊಟ್ರೆಕ್ಸೇಟ್ ನಾಲ್ಕು ವಾರಕ್ಕೆ ನಾಲ್ಕು ಬೇಕು. ಬಿಲ್ಲಲ್ಲಿ ಮೂವತ್ತಿದೆ. ಅಮ್ಮ ಎಲ್ಲಿದಾರೆ? ಈಗಲೇ ಇನ್ನೊಂದು ಫೋನಿಂದ ಮಾಡಿ ಕೇಳಿ, ದಿನಾ ತಗೊಳ್ತಿದಾರಾ ಅಂತ. ನಾನು ಲೈನಲ್ಲೇ ಇರ್ತೀನಿ.’

ಪಕ್ಕದ ಮೇಜಿನವರ ಮೊಬೈಲ್ ಕಿತ್ತುಕೊಂಡು ಮಾಡಿದೆ. ಅಮ್ಮ ತೋಟಕ್ಕೆ ಬುತ್ತಿ ಕಟ್ಟುತ್ತಿದ್ದಳು.

‘ಅಮ್ಮ, ಆ ವಾರದ ಮಾತ್ರೆ ಯಾವಾಗ ತಗೊಂಡೆ?’

‘ಭಾನುವಾರ ತಗೊಂಡೆ. ನಿನ್ನೇನೂ ತಗೊಂಡೆ.’

‘ನಿನ್ನೆ ಯಾಕೆ?’

‘ಜಾಸ್ತಿ ಮಾಡ್ತೀನಿ ಅಂದ್ರಲ್ಲೋ ಡಾಕ್ಟ್ರಮ್ಮ. ಅಂಗಡಿ ಹುಡುಗ ಕವರ್ ಮೇಲೆ ರಾತ್ರಿ ಒಂದು ಅಂತ ಬರೆದವ್ನೆ. ದಿನಾ ಮಾಡವ್ರೆ ಅಂದುಕೊಂಡೆ.’

ನಾನು ಆ ಫೋನಿನಲ್ಲಿ ಕೇಳಿದ್ದನ್ನು ಈ ಫೋನಿನಲ್ಲಿ ಹೇಳುವ ಮುಂಚೆಯೇ ಕೌಂಟರ್‌ನವಳಿಗೆ ಕೇಳಿಸಿತ್ತು. ಕುರ್ಚಿ ಹಿಂದಕ್ಕೆ ಎಳೆದ ಶಬ್ದ ಬಂತು. ಬಾಗಿಲು ತೆರೆದ ಶಬ್ದ. ಒಳಗೆ ಯಾವುದೋ ಪೇಶೆಂಟ್ ಮಾತಾಡುತ್ತಿದ್ದರು. ‘ಮೇಡಂ, ಒಂದು ನಿಮಿಷ, ಮೆಥೊಟ್ರೆಕ್ಸೇಟ್ ದಿನಾ ತಗೊಂಡಿದಾರೆ, ಎರಡು ಡೋಸ್.’ ಮೇಡಂ ಫೋನಿಗೆ ಬಂದರು. ಎರಡಕ್ಕೇ ನಿಂತಿದ್ದು ಒಳ್ಳೆಯದಾಯಿತು, ಇವತ್ತಿಂದ ಆ ಮಾತ್ರೆ ಮುಟ್ಟಬೇಡಿ, ಫೋಲಿಕ್ ಆಸಿಡ್ ದಿನಾ ತಗೊಳ್ಳಲಿ, ಇವತ್ತೇ ರಕ್ತದ ಕೌಂಟ್ ಮಾಡಿಸಿ ಕಳಿಸಿ, ವಾರ ಬಿಟ್ಟು ಇನ್ನೊಂದು. ಬಾಯಿ ಹುಣ್ಣು, ಜ್ವರ ಬಂದರೆ ಕೂಡಲೇ ಹೊರಟು ಬನ್ನಿ ಅಂದರು. ಹತ್ತು ಹದಿನೈದು ದಿನ ನಡೆದಿದ್ದರೆ ಅಂತ ಕೇಳಿದೆ. ಮೂಳೆಯೊಳಗೆ ರಕ್ತ ತಯಾರಾಗೋದೇ ನಿಂತು ಹೋಗಬಹುದು, ಜೀವಕ್ಕೇ ಅಪಾಯ ಅಂದರು. ಈ ಮಾತ್ರೆಯ ವಿಷಯದಲ್ಲಿ ಆಗುವ ತಪ್ಪು ಹೆಚ್ಚಾಗಿ ಇದೇ ಅಂತೆ, ವಾರದ್ದನ್ನು ದಿನದ್ದು ಮಾಡಿಕೊಳ್ಳುವುದು.

ಕೌಂಟ್ ಸರಿಯಾಗಿತ್ತು. ವಾರ ಬಿಟ್ಟು ಮಾಡಿಸಿದ್ದೂ ಸರಿಯಾಗಿತ್ತು.

ಅಂಗಡಿಯ ಹುಡುಗನನ್ನು ವಿಚಾರಿಸೋಣ ಅಂತ ಶನಿವಾರವೇ ಊರಿಗೆ ಹೋದೆ. ಚೀಟಿಯಲ್ಲಿ ಎರಡು ಮಾತ್ರೆ ಒಂದರ ಕೆಳಗೊಂದು ಇದ್ದವು. ಇಂಗ್ಲಿಷಿನಲ್ಲಿ ವಾರಕ್ಕೊಮ್ಮೆ ಅಂತ ಸ್ಪಷ್ಟವಾಗಿಯೇ ಬರೆದಿತ್ತು. ಅವನು ಒಂದು ಕವರ್ ಮೇಲೆ ಬರೆದಿದ್ದನ್ನೇ ಇನ್ನೊಂದರ ಮೇಲೂ ಬರೆದಿದ್ದ. ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತಂತೆ. ಅವನ ಮುಖ ನೋಡಿ ನನ್ನ ಬಾಯಿಂದ ಮಾತು ಬರಲಿಲ್ಲ. ಅಂಗಡಿಯ ಯಜಮಾನರು ಉಳಿದ ಸ್ಟ್ರಿಪ್‌ಗಳನ್ನು ವಾಪಸ್ ತಗೊಂಡರು.

ಮುಂದಿನ ಸಲ ಅಮ್ಮ ಹತ್ತು ತೆಂಗಿನಕಾಯಿ, ಎರಡು ಕೆಜಿ ಉಂಡೆ ಕೊಬ್ಬರಿ ಕಟ್ಟಿಸಿಕೊಂಡು ಬಂದಳು. ನಮ್ಮ ಕಡೆ ಕಾಯಿಯನ್ನು ಅಟ್ಟದಲ್ಲಿ ವರ್ಷದ ಹತ್ತಿರ ಇಟ್ಟರೆ ಒಳಗೇ ಒಣಗಿ ಉಂಡೆಯಾಗುತ್ತೆ. ಅದನ್ನು ಸುಲಭಕ್ಕೆ ಯಾರಿಗೂ ಸುಮ್ನೆ ಕೊಡಲ್ಲ. ಕೌಂಟರ್ ಮೇಲೆ ಚೀಲ ಇಟ್ಟಳು. ಕನ್ನಡಕದವಳು ಚೀಲ ನೋಡಲಿಲ್ಲ. ‘ಲಿವರ್ ಟೆಸ್ಟ್ ರಿಪೋರ್ಟ್ ತಂದಿದೀರಾ?’ ಅಂದಳು. ತಂದಿರಲಿಲ್ಲ. ಅದಕ್ಕೆ ಬೈಸಿಕೊಂಡೆವು. ಚೀಲ ಸಂಜೆವರೆಗೆ ಅಲ್ಲೇ ಇತ್ತು. ಕೊಬ್ಬರಿ ಕೊನೆಗೆ ಕ್ಲಿನಿಕ್ ಕಸ ಗುಡಿಸುವವರಿಂದ ಹಿಡಿದು ಚಿಕ್ಕ ಡಾಕ್ಟರವರೆಗೆ ಹಂಚಿಕೆಯಾಯಿತು ಅಂತ ಆಮೇಲೆ ತಿಳಿಯಿತು.

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದು ಇನ್ನೊಂದು ದಿನದ ಕಥೆ. ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ತಗೊಳ್ಳುವವರಿಗೆ ಕಣ್ಣಿನ ಹಿಂಭಾಗ ನೋಡುತ್ತಿರಬೇಕು. ಹನಿ ಹಾಕಿ, ಕೂರಿಸಿ, ಸ್ಕ್ಯಾನ್ ಮಾಡಿ ಕಳಿಸಿದರು. ಹೇಳುವಂಥದ್ದು ಏನೂ ಇಲ್ಲ, ಎಲ್ಲಾ ಸಲೀಸಾಗಿ ನಡೆಯಿತು.

ಆ ಮಾತ್ರೆ, ಚಿಕ್ಕದಾಗಿ ಎಚ್‌ಸಿಕ್ಯೂ, ಸುದ್ದಿ ಮಾಡಿದ್ದು 2020ರ ಮಾರ್ಚ್‌ನಲ್ಲಿ. ಅಮೆರಿಕದ ಅಧ್ಯಕ್ಷ ಟ್ರಂಪ್ ಅದನ್ನು ಕೋವಿಡ್‌ಗೆ ಮದ್ದು ಅನ್ನುವ ಹಾಗೆ ಹೊಗಳಿದರು. ಇಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಗಾಗಿ ತಗೊಳ್ಳಬಹುದು ಅಂತ ಹೇಳಿತು. ಅಷ್ಟು ಸಾಕಾಯಿತು. ಹೆಸರೇ ನಾಲಿಗೆಗೆ ಹೊರಳದ ಮಾತ್ರೆಯನ್ನು ಜನ ಕ್ಯೂ ನಿಂತು ಕೊಂಡರು. 25ಕ್ಕೆ ಲಾಕ್‌ಡೌನ್. 26ಕ್ಕೆ ಸರ್ಕಾರ ಅದನ್ನು ಎಚ್1 ಪಟ್ಟಿಯ ನಿಯಮಕ್ಕೆ ತಂದಿತು. ಅಂದರೆ ಡಾಕ್ಟರ ಚೀಟಿ ಬೇಕು, ಯಾರಿಗೆ ಕೊಟ್ಟೆ, ಎಷ್ಟು ಕೊಟ್ಟೆ ಅಂತ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಅಷ್ಟು ಹೊತ್ತಿಗೆ ನಮ್ಮೂರಿನ ಅಂಗಡಿಗಳಲ್ಲಿ ಬರೆದಿಡಲು ಮಾತ್ರೆಯೇ ಇರಲಿಲ್ಲ. ಅಮ್ಮನ ಹತ್ತಿರ ಉಳಿದಿದ್ದು 11.

ನಾನು ಬೆಂಗಳೂರಿನಲ್ಲಿ ಮನೆಯೊಳಗೆ, ಅಮ್ಮ ತಿಪಟೂರಿನಲ್ಲಿ. ಕ್ಲಿನಿಕ್ ಮುಚ್ಚಿತ್ತು. ನಾನೇ ಫೋನ್ ಮಾಡಬೇಕು ಅಂದುಕೊಳ್ಳುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ. ದನಿ ಗೊತ್ತಿತ್ತು. ನಮಸ್ಕಾರ ಆಗಲೂ ಇಲ್ಲ.

‘ಎಚ್‌ಸಿಕ್ಯೂ ಎಷ್ಟು ಉಳಿದಿದೆ?’

ಕ್ಲಿನಿಕ್‌ನಿಂದ ಆ ಉದ್ದನೆಯ ಲೆಡ್ಜರನ್ನು ಮನೆಗೆ ಹೊತ್ತುಕೊಂಡು ಹೋಗಿದ್ದಳಂತೆ. ಆ ಮಾತ್ರೆ ತಗೊಳ್ಳುವ ಪೇಶೆಂಟ್‌ಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಹಿಂದಿನಿಂದ ಕುಕ್ಕರ್ ಸೀಟಿ, ಒಂದು ಮಗು ಅಳುವುದು ಕೇಳಿಸುತ್ತಿತ್ತು. 11 ಅಂದೆ. ‘ದಿನ ಬಿಟ್ಟು ದಿನ ತಗೊಳ್ಳಲಿ ಅಂದಿದಾರೆ ಮೇಡಂ. ಅದು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತೆ, ತಕ್ಷಣ ಏನಾಗಲ್ಲ. ಇನ್ನೊಂದು ಮಾತ್ರೆ ಭಾನುವಾರ ಒಂದೇ ಅಲ್ವಾ?’ ಹೌದು ಅಂದೆ. ‘ಅಮ್ಮನ್ನೇ ಕೇಳಿ ಹೇಳಿ’ ಅಂದಳು.

ಆ ವಾರವೇ ಫೋನ್, ವಿಡಿಯೋ ಮೂಲಕ ಚಿಕಿತ್ಸೆ ಕೊಡಲು ಸರ್ಕಾರ ನಿಯಮ ಮಾಡಿತ್ತು. ಹಾಗಾಗಿ ಹೊಸ ತಾರೀಖಿನ ಚೀಟಿ, ಮೇಡಂ ಸಹಿ, ರಿಜಿಸ್ಟ್ರೇಷನ್ ನಂಬರ್ ಸಮೇತ ವಾಟ್ಸಾಪ್‌ಗೆ ಬಂತು. ಅಪ್ಪ ಮಾಸ್ಕ್ ಬದಲಿಗೆ ಟವೆಲ್ ಸುತ್ತಿಕೊಂಡು ಅದನ್ನು ಅಂಗಡಿಗೆ ತೋರಿಸಿ ಬಂದರು. ಹದಿನೆಂಟು ದಿನಕ್ಕೆ ಮಾತ್ರೆ ಬಂತು. ಅಂಗಡಿಯವರು ಪುಸ್ತಕದಲ್ಲಿ ಅಮ್ಮನ ಹೆಸರು ಬರೆದರು. ಆ ಪುಟದಲ್ಲಿ ತನ್ನ ಹೆಸರೇ ಮೊದಲು ಇತ್ತು ಅಂತ ಅಮ್ಮ ಹೇಳಿಕೊಳ್ಳುತ್ತಾಳೆ.

ಕನ್ನಡಕದವಳು ಈಗ ಅಲ್ಲಿಲ್ಲ. ಎರಡು ವರ್ಷದ ಹಿಂದೆ ಹೋದಾಗ ಕೌಂಟರ್‌ನಲ್ಲಿ ಬೇರೆ ಹುಡುಗಿ ಇದ್ದಳು. ನಗುಮುಖದವಳು, ನಮಸ್ಕಾರ ಹೇಳುತ್ತಾಳೆ. ಗೋಡೆ ಮೇಲೆ ಟೋಕನ್ ನಂಬರ್ ತೋರಿಸುವ ಟಿವಿ ಬಂದಿದೆ. ಅಪಾಯಿಂಟ್‌ಮೆಂಟ್ ಆ್ಯಪ್‌ನಲ್ಲೇ ಆಗುತ್ತೆ, ಒಂದೇ ಸಲಕ್ಕೆ. ಹಳಬರು ಎಲ್ಲಿ ಹೋದರು ಅಂತ ಕೇಳಿದ್ದಕ್ಕೆ ಮದ್ದೂರಿನ ಕಡೆ ಅತ್ತೆಗೆ ಹುಷಾರಿಲ್ಲ, ನೋಡಿಕೊಳ್ಳೋಕೆ ಹೋದರು ಅಂದಳು. ಅಮ್ಮ ಫೋನ್ ನಂಬರ್ ಕೇಳಿದಳು. ಕೊಡೋ ಹಾಗಿಲ್ಲ ಅಂದಳು ಹುಡುಗಿ. ಲಾಕ್‌ಡೌನ್‌ನಲ್ಲಿ ಬಂದಿದ್ದ ನಂಬರಿಗೆ ಮಾಡಿ ನೋಡಿದೆ. ಚಾಲನೆಯಲ್ಲಿ ಇಲ್ಲ.

ಅಮ್ಮನಿಗೆ ಈಗ 62. ಬೊಂಬೆ ಚಿತ್ರದಲ್ಲಿ ಹೋದ ಸಲ ಗುರುತು ಬಿದ್ದಿದ್ದು ಎರಡಕ್ಕೆ. ಬಲಗೈ ನಡುಬೆರಳು ಸ್ವಲ್ಪ ಓರೆಯಾಗಿಯೇ ಉಳಿದಿದೆ, ಮೊದಲ ಒಂದೂವರೆ ವರ್ಷದ ಬಾಬ್ತು. ಆದರೆ ಫಿಲ್ಟರ್ ಬಿಚ್ಚುತ್ತಾಳೆ, ಬಳೆ ಹಾಕಿದ್ದಾಳೆ.

ಹೋದ ತಿಂಗಳು ಊರಿನಲ್ಲಿದ್ದಾಗ ಮಾತ್ರೆ ತರಲು ಅವಳ ಜೊತೆ ನಾನೂ ಹೋದೆ. ಅದೇ ಅಂಗಡಿ. ಆಗಿನ ಹುಡುಗನೇ ಈಗ ಕೌಂಟರ್ ನೋಡಿಕೊಳ್ಳುತ್ತಾನೆ, ಮೀಸೆ ಬಂದಿದೆ. ಅವನು ಮೆಥೊಟ್ರೆಕ್ಸೇಟ್ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆಯ ತುಂಡು ಕವರಿಗೆ ಹಾಕಿದ. ಕವರ್ ಮೇಲೆ ಕನ್ನಡದಲ್ಲಿ ‘ಭಾನುವಾರ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. ಅಮ್ಮ ಕವರ್ ತೆಗೆದು ಕೌಂಟರ್ ಮೇಲೆ ಸುರಿದು ಎಣಿಸಲು ಶುರು ಮಾಡಿದಳು.

‘ಎಣಿಸಿದೀನಿ ಅಜ್ಜಿ, ನಾಲ್ಕೇ ಇರೋದು.’

‘ಯಾರನ್ನೋ ಅಜ್ಜಿ ಅಂತೀಯ’ ಅಂದಳು ಅಮ್ಮ, ಎಣಿಸುವುದನ್ನು ನಿಲ್ಲಿಸದೆ.